ದ್ರಾವಕವೇ ಬೇರೆ, ದ್ರಾವಣವೇ ಬೇರೆ

ಅಮೆರಿಕದ ಮ್ಯಾಸಚೂಸೆಟ್ಸ್‌ನ ವೊಬರ್ನ್ ಊರಿನ ಬಾವಿಗಳ ಕುರಿತ ಲೇಖನವೊಂದರಲ್ಲಿ ‘ಅಂತರ್ಜಲದಿಂದ ಕ್ಲೋರಿನ್ ದ್ರಾವಣ ತೆಗೆಯುವುದು’ ಎಂದಿತ್ತು. ಈ ತಪ್ಪು ಕಣ್ಣಿಗೆ ಬಿದ್ದದ್ದು ಎಷ್ಟನೆಯ ಸಲವೋ! ಕ್ಲೋರಿನ್ ದ್ರಾವಣ ಎಂದರೆ ನಮ್ಮ ನೀರುಗಂಟಿ ಬ್ಲೀಚಿಂಗ್ ಪೌಡರ್ ಕಲಸಿ ಟ್ಯಾಂಕಿಗೆ ಸುರಿಯುವಂಥದ್ದು. ವೊಬರ್ನ್‌ನ ‘ಜಿ’ ಮತ್ತು ‘ಎಚ್’ ಬಾವಿಗಳು 1979ರಲ್ಲಿ ಮುಚ್ಚಿದ್ದಕ್ಕೆ ಕಾರಣ ಅದಲ್ಲ. ಅಲ್ಲಿ ಸಿಕ್ಕಿದ್ದು ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್, ಡ್ರೈಕ್ಲೀನಿಂಗ್‌ನವರು ಬಳಸುವ ಪರ್‌ಕ್ಲೋರೋಎಥಿಲೀನ್. ಇವು ಕ್ಲೋರಿನೀಕೃತ ದ್ರಾವಕಗಳು.

ದ್ರಾವಕ, ದ್ರಾವಣ ಎರಡಕ್ಕೂ ಬೇರು ಸಂಸ್ಕೃತದ ‘ದ್ರು’. ಓಡು, ಹರಿ ಎಂದು ಅರ್ಥ. ದ್ರವ ಬಂದದ್ದು ಅಲ್ಲಿಂದ, ಮೇಲೆ ಬಿದ್ದು ಕಾಡುವ ಉಪದ್ರವವೂ ಅಲ್ಲಿಂದಲೇ. ಕೊನೆಯ ‘ಅಕ’ ಮಾಡುವವನನ್ನು ಸೂಚಿಸಿದರೆ, ‘ಅನ’ ಮಾಡುವ ಕೆಲಸವನ್ನೂ ಅದರಿಂದ ಆದದ್ದನ್ನೂ ಸೂಚಿಸುತ್ತದೆ. (ಹಿಂದೆ ರಕಾರ ಇರುವುದರಿಂದ ಇಲ್ಲಿ ‘ನ’ ಹೋಗಿ ‘ಣ’ ಆಗಿದೆ.) ಗಾಯಕ–ಗಾಯನ, ಲೇಖಕ–ಲೇಖನ ಇದ್ದಂತೆಯೇ ದ್ರಾವಕ–ದ್ರಾವಣ. ಪಾನಕದಲ್ಲಿ ನೀರು ದ್ರಾವಕ, ಬೆಲ್ಲ ದ್ರಾವ್ಯ, ಪಾನಕವೇ ದ್ರಾವಣ. ಲೇಖಕರನ್ನು ‘ಲೇಖನ ಬಂದರು’ ಎಂದು ಯಾರೂ ಸ್ವಾಗತಿಸುವುದಿಲ್ಲವಲ್ಲ!

‘ಕ್ಲೋರಿನೀಕೃತ’ವನ್ನು ಬರೀ ‘ಕ್ಲೋರಿನ್’ ಮಾಡಿದ್ದೂ ಇಂಥದ್ದೇ ತಪ್ಪು. ಇಲ್ಲಿ ಕ್ಲೋರಿನ್ ಇಂಗಾಲಕ್ಕೆ ಅಂಟಿಕೊಂಡಿರುವ ಪರಮಾಣು. ಅಡುಗೆ ಉಪ್ಪಿನಲ್ಲೂ ಕ್ಲೋರಿನ್ ಇದೆ. ಹಾಗೆಂದು ಸಾರಿಗೆ ಬ್ಲೀಚಿಂಗ್ ಪೌಡರ್ ಹಾಕಿದೆವು ಎನ್ನುತ್ತೇವೆಯೇ?

ಇನ್ನು ‘ತೆಗೆಯುವುದು’. ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಎಣ್ಣೆಯಂತೆ ತೇಲದೆ ಜೇಡಿಪದರ ಸಿಗುವವರೆಗೂ ಇಳಿದು, ಬಿರುಕುಗಳಲ್ಲಿ ಕೂತು, ದಶಕಗಟ್ಟಲೆ ಚೂರುಚೂರೇ ಕರಗುತ್ತದೆ. ನೀರನ್ನು ಮೇಲೆತ್ತಿ, ಗೋಪುರದಿಂದ ಇಳಿಬಿಟ್ಟು, ಕೆಳಗಿನಿಂದ ಗಾಳಿ ಊದಿದರೆ ದ್ರಾವಕ ಗಾಳಿಗೆ ಹಾರುತ್ತದೆ. ಸಕ್ರಿಯ ಇಂಗಾಲದ (ಸಂಸ್ಕರಿಸಿದ ಇದ್ದಿಲಿನ) ಮೂಲಕ ಹಾಯಿಸಿದರೆ ಅದಕ್ಕೆ ಅಂಟುತ್ತದೆ. ಎರಡರಲ್ಲೂ ಅದು ಜಾಗ ಬದಲಿಸಿತು, ಅಷ್ಟೇ. ನಾಶವಾಗಬೇಕಾದರೆ ಕ್ಲೋರಿನ್ ಕಳಚಬೇಕು. ಅಂತರ್ಜಲ ಹರಿಯುವ ದಾರಿಗೆ ಅಡ್ಡಲಾಗಿ ಕಬ್ಬಿಣದ ಪುಡಿಯ ಗೋಡೆ ಹೂತರೆ ಆ ಕೆಲಸವಾಗುತ್ತದೆ. ಡಿಹ್ಯಾಲೋಕಾಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಗಾಳಿಯಾಡದ ಕಡೆ ಒಂದೊಂದೇ ಕ್ಲೋರಿನ್ ಕಿತ್ತು, ಕೊನೆಗೆ ನಿರಪಾಯದ ಎಥಿಲೀನ್ ಉಳಿಸುತ್ತದೆ. ಕೆಲಸ ಅರ್ಧಕ್ಕೆ ನಿಂತರೆ ಮಾತ್ರ ಕ್ಯಾನ್ಸರ್‌ಕಾರಕ ವಿನೈಲ್ ಕ್ಲೋರೈಡ್ ಉಳಿದುಬಿಡುತ್ತದೆ. ಅದನ್ನೂ ‘ದ್ರಾವಣ’ ಎಂದು ಬರೆಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅದು ಅನಿಲ.