ಆ್ಯಪ್ ಹುಡುಕುವ ಮೊದಲು ಸೆನ್ಸರ್ ನೋಡಿ

ಆ್ಯಪ್ ಸ್ಟೋರಿನಲ್ಲಿ ‘ಮೋಜಿನ ಆ್ಯಪ್’ ಎಂದು ಟೈಪ್ ಮಾಡಿದರೆ ಮೊದಲು ಬರುವುದು ಜಾಹೀರಾತು, ಆಮೇಲೆ ಒಂದೇ ಅಚ್ಚಿನಲ್ಲಿ ತೆಗೆದಂಥ ಆಟಗಳು. 2008ರ ಜುಲೈಯಲ್ಲಿ ಆ್ಯಪಲ್ ತನ್ನ ಸ್ಟೋರ್ ತೆರೆದಾಗ ಅಲ್ಲಿದ್ದದ್ದು ಸುಮಾರು 500 ಆ್ಯಪ್ ಮಾತ್ರ. ಈಗ ಲಕ್ಷಗಟ್ಟಲೆ ಇವೆ, ಒಂದೊಂದಾಗಿ ನೋಡಿ ಆರಿಸುವ ಮಾತೇ ಇಲ್ಲ. ಅದರ ಬದಲು ನಿಮ್ಮ ಫೋನಿನೊಳಗೆ ಯಾವ ಯಾವ ಸೆನ್ಸರ್ (ಚಲನೆ, ಶಬ್ದ, ಒತ್ತಡದಂಥವನ್ನು ಗ್ರಹಿಸಿ ಅಳೆಯುವ ಪುಟ್ಟ ಭಾಗ) ಇವೆ ಎಂದು ಮೊದಲು ತಿಳಿದುಕೊಳ್ಳಿ, ಆಮೇಲೆ ಅವನ್ನು ಚೆನ್ನಾಗಿ ದುಡಿಸಿಕೊಳ್ಳುವ ಆ್ಯಪ್ ಹುಡುಕಿ. ಫೋನಿನಲ್ಲಿ ಇಲ್ಲದ ಸೆನ್ಸರನ್ನು ಯಾವ ಆ್ಯಪೂ ಹುಟ್ಟಿಸಲಾರದು. ಇಷ್ಟು ಗೊತ್ತಿದ್ದರೆ ಅರ್ಧಕ್ಕರ್ಧ ಬೊಗಳೆ ಆ್ಯಪ್‌ಗಳು ಅಲ್ಲೇ ಜರಡಿಯಲ್ಲಿ ಉಳಿದುಬಿಡುತ್ತವೆ.

ಸೆನ್ಸರ್ ನೋಡುವುದಕ್ಕೂ ಅವುಗಳ ಜೊತೆ ಆಡುವುದಕ್ಕೂ ಒಂದೇ ಆ್ಯಪ್ ಸಾಕು, ಫೈಫಾಕ್ಸ್. ಜರ್ಮನಿಯ ಆಹೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2016ರಲ್ಲಿ ಬಿಡುಗಡೆ ಮಾಡಿದ ಇದು ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಉಚಿತ, ಜಾಹೀರಾತಿನ ಕಾಟವಿಲ್ಲ. ತೆರೆದೊಡನೆ ಪ್ರಯೋಗಗಳ ಪಟ್ಟಿ ಕಾಣುತ್ತದೆ. ಅದರಲ್ಲಿ ಯಾವುದು ಮಸುಕಾಗಿದೆಯೋ ಅದಕ್ಕೆ ಬೇಕಾದ ಸೆನ್ಸರ್ ನಿಮ್ಮ ಫೋನಿನಲ್ಲಿಲ್ಲ ಎಂದು ಅರ್ಥ. ಅಗ್ಗದ ಫೋನ್‌ಗಳಲ್ಲಿ ಸಾಮಾನ್ಯವಾಗಿ ಕೈಬಿಟ್ಟಿರುವುದು ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರನ್ನು, ಕೆಲವೊಮ್ಮೆ ಫೋನ್ ತಿರುಗುವುದನ್ನು ಅಳೆಯುವ ಗೈರೋಸ್ಕೋಪನ್ನೂ.

ಪಟ್ಟಿಯಲ್ಲಿ ವೇಗದ ಬದಲಾವಣೆ ಅಳೆಯುವ ಆ್ಯಕ್ಸೆಲೆರೊಮೀಟರಿನ ಪ್ರಯೋಗವನ್ನು, ಗುರುತ್ವವನ್ನೂ ಸೇರಿಸಿ ತೋರಿಸುವುದನ್ನು (with g), ಆರಿಸಿ ಫೋನನ್ನು ಮೇಜಿನ ಮೇಲೆ ಸುಮ್ಮನೆ ಮಲಗಿಸಿ. ಅಲುಗಾಡದ ಫೋನ್ 9.8 ಮೀ/ಸೆ² ಎಂದು ತೋರಿಸುತ್ತದೆ, ನೋಡಿದವರು ಆ್ಯಪ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಚಿಪ್ಪಿನೊಳಗೆ ಕೂದಲೆಳೆಗಿಂತ ಸಣ್ಣ ಸಿಲಿಕಾನ್ ಸ್ಪ್ರಿಂಗ್‌ಗಳಿಗೆ ಕಟ್ಟಿದ ಪುಟ್ಟದೊಂದು ತೂಕವಿದೆ. ಅದು ಸರಿದಾಗ ಪಕ್ಕದ ತಗಡುಗಳ ನಡುವಿನ ವಿದ್ಯುತ್ ಧಾರಕತೆ (ವಿದ್ಯುದಾವೇಶ ಹಿಡಿದಿಡುವ ಶಕ್ತಿ) ಬದಲಾಗುತ್ತದೆ, ಫೋನ್ ಅಳೆಯುವುದು ಆ ಬದಲಾವಣೆಯನ್ನು. ಮೇಜು ಫೋನನ್ನು ಮೇಲಕ್ಕೆ ಒತ್ತಿ ಹಿಡಿದಿರುವಾಗ ಆ ತೂಕ ಕೆಳಕ್ಕೆ ಜಗ್ಗುತ್ತಿರುತ್ತದೆ. ಅದೇ ಫೋನನ್ನು 20 ಸೆಂ.ಮೀ. ಎತ್ತರದಿಂದ ದಪ್ಪ ದಿಂಬಿನ ಮೇಲೆ ಬಿಟ್ಟರೆ, ಬೀಳುವ ಸುಮಾರು 0.2 ಸೆಕೆಂಡು ಗ್ರಾಫ್ ಸೊನ್ನೆಯ ಹತ್ತಿರ ಇಳಿದು ನಿಲ್ಲುತ್ತದೆ. ಗುರುತ್ವ ಎಲ್ಲೂ ಹೋಗಿಲ್ಲ, ಒತ್ತುವ ಮೇಜು ಇಲ್ಲವಾಗಿದೆ ಅಷ್ಟೆ.

ಇದಕ್ಕಿಂತ ಮಜವಾದದ್ದು ಶಬ್ದದ ವೇಗ ಅಳೆಯುವ ಪ್ರಯೋಗ. ಎರಡು ಫೋನ್, ಒಂದು ಅಳತೆ ಟೇಪು, ಇಬ್ಬರು ಜನ ಸಾಕು. ಫೋನ್‌ಗಳನ್ನು ಸರಿಯಾಗಿ 5 ಮೀಟರ್ ದೂರದಲ್ಲಿಡಿ. ಎರಡರಲ್ಲೂ ಫೈಫಾಕ್ಸಿನ, ಶಬ್ದಕ್ಕೆ ಓಡುವ ಸ್ಟಾಪ್‌ವಾಚ್ ತೆರೆದು ಚಾಲೂ ಮಾಡಿ. ಮೊದಲ ಸದ್ದಿಗೆ ಅದು ಓಡತೊಡಗುತ್ತದೆ, ಎರಡನೆಯದಕ್ಕೆ ನಿಲ್ಲುತ್ತದೆ. ಮೊದಲನೆಯ ಫೋನಿನ ಪಕ್ಕದಲ್ಲಿರುವವರು ಒಂದು ಚಪ್ಪಾಳೆ ಹೊಡೆಯಲಿ. ಒಂದೆರಡು ಸೆಕೆಂಡು ಬಿಟ್ಟು ಎರಡನೆಯದರ ಪಕ್ಕದಲ್ಲಿರುವವರು ಹೊಡೆಯಲಿ. ಮೊದಲ ಚಪ್ಪಾಳೆ ಎರಡನೆಯ ಫೋನಿಗೆ ತಡವಾಗಿ ಮುಟ್ಟುವುದರಿಂದ ಅದರ ಗಡಿಯಾರ ತಡವಾಗಿ ಶುರುವಾಗುತ್ತದೆ. ಎರಡನೆಯ ಚಪ್ಪಾಳೆ ಮೊದಲನೆಯ ಫೋನಿಗೆ ತಡವಾಗಿ ಮುಟ್ಟುವುದರಿಂದ ಅದು ತಡವಾಗಿ ನಿಲ್ಲುತ್ತದೆ. ಎರಡರ ಓದಿನ ವ್ಯತ್ಯಾಸ ಎಂದರೆ ಶಬ್ದ 10 ಮೀಟರ್ ಸಾಗಲು ಬೇಕಾದ ಸಮಯ. ಅದು 0.029 ಸೆಕೆಂಡಿನ ಆಸುಪಾಸು ಬರಬೇಕು. 10ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 343 ಮೀಟರಿನ ಹತ್ತಿರ ಬರುತ್ತದೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ ಶಬ್ದದ ವೇಗ ಅದೇ. ಉಷ್ಣತೆ ಒಂದು ಡಿಗ್ರಿ ಏರಿದರೆ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಏರುತ್ತದೆ. ಎರಡು ಫೋನ್‌ಗಳ ಗಡಿಯಾರವನ್ನು ಹೊಂದಿಸುವ ಗೋಜೇ ಇಲ್ಲದಿರುವುದು ಈ ಪ್ರಯೋಗದ ಜಾಣತನ.

ಮೊದಲ ಸಲಕ್ಕೇ ಸರಿಯಾಗಿ ಬಂದರೆ ಅದೃಷ್ಟ. ಎಷ್ಟು ಸದ್ದಿಗೆ ಗಡಿಯಾರ ಓಡಬೇಕು ಎಂದು ಆ್ಯಪಿನಲ್ಲಿ ಕೊಡುವ ಮಿತಿಯನ್ನು ತೀರಾ ಕೆಳಗಿಟ್ಟರೆ ಫ್ಯಾನಿನ ಸದ್ದಿಗೇ ಗಡಿಯಾರ ಓಡುತ್ತದೆ. ಮೇಲಿಟ್ಟರೆ ಐದು ಮೀಟರ್ ಆಚೆಯ ಚಪ್ಪಾಳೆ ಕೇಳುವುದೇ ಇಲ್ಲ. ಸೆಕೆಂಡಿನ ಸಣ್ಣ ಭಾಗದಲ್ಲೇ ಗಡಿಯಾರ ನಿಂತಿತೆಂದರೆ ಅದು ಗೋಡೆಯಿಂದ ಬಂದ ಪ್ರತಿಧ್ವನಿಯನ್ನು ಎರಡನೆಯ ಚಪ್ಪಾಳೆ ಎಂದುಕೊಂಡಿದೆ. ಎರಡು ಸದ್ದುಗಳ ನಡುವೆ ಇರಬೇಕಾದ ಕನಿಷ್ಠ ಅಂತರದ ಅಂಕಿಯನ್ನು ಆ್ಯಪಿನಲ್ಲಿ ಸ್ವಲ್ಪ ಹೆಚ್ಚಿಸಿ. ಉತ್ತರ ವಾಸ್ತವಕ್ಕಿಂತ ಹೆಚ್ಚಾಗಿ ಬರುತ್ತಿದ್ದರೆ ಚಪ್ಪಾಳೆಯವರು ಎಲ್ಲಿ ನಿಂತಿದ್ದಾರೆ ನೋಡಿ: ಎರಡು ಫೋನ್‌ಗಳ ನಡುವೆ ನಿಂತರೆ ದೂರ ಕಡಿಮೆಯಾಗಿ ಲೆಕ್ಕ ಕೆಡುತ್ತದೆ, ಫೋನಿನ ಬೆನ್ನಿಗೆ ಅದೇ ನೇರದಲ್ಲಿ ನಿಂತರೆ ಏನೂ ಆಗುವುದಿಲ್ಲ. ಟೇಪು ಹಿಡಿಯುವಾಗ 10 ಸೆಂ.ಮೀ. ತಪ್ಪಿದರೆ ಉತ್ತರದಲ್ಲಿ ಶೇಕಡಾ 2ರಷ್ಟು, ಅಂದರೆ ಸೆಕೆಂಡಿಗೆ 7 ಮೀಟರ್ ತಪ್ಪುತ್ತದೆ.

ಬ್ಯಾರೋಮೀಟರ್ ಇದ್ದರೆ ಮೆಟ್ಟಿಲು ಹತ್ತಿ ನೋಡಿ. ಸಮುದ್ರಮಟ್ಟದ ಹತ್ತಿರ ಎಂಟು ಮೀಟರ್ ಚಿಲ್ಲರೆ ಏರಿದರೆ ಗಾಳಿಯ ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿಯುತ್ತದೆ, ಮೂರು ಮೀಟರಿನ ಒಂದು ಮಹಡಿಗೆ 0.36. ಇಷ್ಟು ಸಣ್ಣ ಇಳಿತವೂ ಗ್ರಾಫಿನಲ್ಲಿ ಸ್ಪಷ್ಟ. ಆದರೆ ಗಂಟೆಗಟ್ಟಲೆ ಬಿಟ್ಟು ಅಳೆದರೆ ಹವಾಮಾನವೇ ಅದಕ್ಕಿಂತ ಹೆಚ್ಚು ಏರುಪೇರು ಮಾಡಿರುತ್ತದೆ.

ಆಕಾಶದತ್ತ ಫೋನ್ ಹಿಡಿದರೆ ನಕ್ಷತ್ರದ ಹೆಸರು ತೋರಿಸುವ ಸ್ಟೆಲೇರಿಯಮ್, ಸ್ಕೈ ಮ್ಯಾಪ್ ಮುಂತಾದವು ದಿಕ್ಕಿಗಾಗಿ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರನ್ನು ನಂಬಿಕೊಂಡಿವೆ. ಭೂಮಿಯ ಕಾಂತಕ್ಷೇತ್ರ 25ರಿಂದ 65 ಮೈಕ್ರೋಟೆಸ್ಲಾ ಮಾತ್ರ. ಅಯಸ್ಕಾಂತದ ಗುಂಡಿ ಇರುವ ಫೋನ್ ಕವರ್ ಅದನ್ನು ಸಲೀಸಾಗಿ ಮುಳುಗಿಸುತ್ತದೆ. ಆಗ ಗುರು ಗ್ರಹ ಪೂರ್ವದ ಬದಲು ಉತ್ತರದಲ್ಲಿ ಕಾಣಿಸಿಕೊಂಡರೂ ಆಶ್ಚರ್ಯವಿಲ್ಲ. ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಅಂಕಿ ಬರೆದಂತೆ ನಾಲ್ಕಾರು ಸಲ ಆಡಿಸಿದರೆ ಸರಿಹೋಗುತ್ತದೆ. ಇದೇ ಸೆನ್ಸರಿನ ಬಲದಲ್ಲಿ ‘ಚಿನ್ನ ಪತ್ತೆ’ ಆ್ಯಪ್‌ಗಳೂ ಇವೆ. ಚಿನ್ನ ಕಾಂತೀಯ ಲೋಹವೇ ಅಲ್ಲ. ಫೋನಿಗೆ ಗೊತ್ತಾಗುವುದು ಕೆಲವೇ ಸೆಂ.ಮೀ. ಒಳಗಿನ ಕಬ್ಬಿಣ, ಉಕ್ಕು, ಅಯಸ್ಕಾಂತ. ಗೋಡೆಯೊಳಗಿನ ಮೊಳೆ ಹುಡುಕಲು ಇದು ಸೊಗಸು, ನಿಧಿಗಲ್ಲ.

ಮೈಕಿಗೆ ಸಿಕ್ಕ ಅತ್ಯುತ್ತಮ ಆ್ಯಪ್ ಎಂದರೆ ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್. ಇದಕ್ಕೆ ಮರುಮಾತಿಲ್ಲ. ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಸೌಲಭ್ಯ ಅದಕ್ಕೆ 2021ರಲ್ಲಿ ಬಂತು. ಅದು ಶಬ್ದವನ್ನು ಮೊದಲು ಚಿತ್ರವಾಗಿಸುತ್ತದೆ: ಅಡ್ಡಕ್ಕೆ ಸಮಯ, ಉದ್ದಕ್ಕೆ ಕಂಪನಾಂಕ, ಬಣ್ಣದ ಗಾಢತೆಯಲ್ಲಿ ಸದ್ದಿನ ಬಲ. ಮುಖ ಗುರುತಿಸುವ ತಂತ್ರದಂಥದ್ದೇ ಆ ಚಿತ್ರದ ಮೇಲೂ ಕೆಲಸ ಮಾಡುತ್ತದೆ. ನಿಮ್ಮ ಪ್ರದೇಶದ ಹಕ್ಕಿಗಳ ಕಟ್ಟನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಬೇಕಿಲ್ಲ. ಬೆರಳು ಮೈಕಿಗೆ ಅಡ್ಡ ಬಾರದಿರಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಸದ್ದು ಅಳೆಯುವ ಡೆಸಿಬೆಲ್ ಆ್ಯಪ್‌ಗಳ ಅಂಕಿಯನ್ನು ಮಾತ್ರ ಹಾಗೇ ನಂಬಬೇಡಿ. ಒಂದೊಂದು ಮಾದರಿಯ ಮೈಕ್ ಒಂದೊಂದು ಥರ. ಕಾರ್ಮಿಕರ ಆರೋಗ್ಯ ನೋಡುವ ಅಮೆರಿಕದ ನಿಯಾಶ್ ಸಂಸ್ಥೆ ತನ್ನ ಶಬ್ದಮಾಪಕ ಆ್ಯಪನ್ನು ಐಫೋನಿಗೆ ಮಾತ್ರ ಮಾಡಿದ್ದು ಇದೇ ಕಾರಣಕ್ಕೆ.

ಕ್ಯಾಮೆರಾ ಮೇಲೆ ಬೆರಳಿಟ್ಟು ನಾಡಿ ಎಣಿಸುವ ಆ್ಯಪ್‌ಗಳ ಹಿಂದೆ ನಿಜವಾದ ಭೌತಶಾಸ್ತ್ರವಿದೆ. ಫ್ಲ್ಯಾಶ್ ಬೆಳಕು ಬೆರಳೊಳಗೆ ಹೊಕ್ಕು ಬರುವಾಗ ಪ್ರತಿ ಬಡಿತಕ್ಕೂ ರಕ್ತ ಹೆಚ್ಚಿ ಒಂದಿಷ್ಟು ಬೆಳಕನ್ನು ಹೀರುತ್ತದೆ. ಗಟ್ಟಿಯಾಗಿ ಒತ್ತಿದರೆ ರಕ್ತವೇ ಸರಿದುಹೋಗಿ ಎಣಿಕೆ ತಪ್ಪುತ್ತದೆ, ಮೆಲ್ಲಗೆ ಇಡಬೇಕು. ಬರೀ ಫೋನಿನಿಂದ ರಕ್ತದೊತ್ತಡ ಅಳೆಯುತ್ತೇವೆ ಎನ್ನುವ ಆ್ಯಪ್ ಬೇರೆಯೇ ಕಥೆ. ಅಂಥದ್ದೊಂದು ಜನಪ್ರಿಯ ಆ್ಯಪನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಡ ಹೆಚ್ಚಿದ್ದ ಪ್ರತಿ ಐವರಲ್ಲಿ ಸುಮಾರು ನಾಲ್ವರಿಗೆ ಅದು ‘ಹೆಚ್ಚಿಲ್ಲ’ ಎಂದಿತ್ತು. ಅದನ್ನು ನಂಬಿ ಮಾತ್ರೆ ಬಿಟ್ಟರೆ ಗತಿಯೇನು?

ಇಳಿಸಿಕೊಳ್ಳುವ ಮುನ್ನ ಅನುಮತಿಗಳನ್ನೂ ಸೆನ್ಸರಿನ ಕಣ್ಣಿನಿಂದಲೇ ಓದಿ. ಮರ್ಲಿನ್ ಮೈಕ್ ಕೇಳಿದರೆ ನ್ಯಾಯ, ಟಾರ್ಚ್ ಆ್ಯಪಿಗೆ ನೀವಿರುವ ಜಾಗ ಯಾಕೆ? 2013ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಬಳಕೆದಾರರ ಸ್ಥಳವನ್ನು ಜಾಹೀರಾತು ಜಾಲಗಳಿಗೆ ದಾಟಿಸುತ್ತಿದ್ದ ಒಂದು ಟಾರ್ಚ್ ಆ್ಯಪಿನ ಮೇಲೆ ಕ್ರಮ ಕೈಗೊಂಡಿತು. ವಿಮರ್ಶೆ ಓದುವುದಾದರೆ ‘ಇತ್ತೀಚಿನವು’ ಎಂದು ಜೋಡಿಸಿ, ಎರಡು-ಮೂರು ಸ್ಟಾರ್ ಕೊಟ್ಟವರನ್ನು ಓದಿ. ಯಾವ ಮಾದರಿಯಲ್ಲಿ ಏನು ಕೈಕೊಟ್ಟಿತು ಎಂದು ಬರೆಯುವವರು ಅವರೇ. ಆಂಡ್ರಾಯ್ಡ್ 11ರಿಂದೀಚೆಗೆ ತಿಂಗಳುಗಟ್ಟಲೆ ತೆರೆಯದ ಆ್ಯಪಿನ ಅನುಮತಿಗಳು ತಾವಾಗಿ ರದ್ದಾಗುತ್ತವೆ. ಹಾಗಾಗಿ ಬಹಳ ದಿನದ ಮೇಲೆ ಮರ್ಲಿನ್ ತೆರೆದಾಗ ಅದು ಮತ್ತೆ ಮೈಕ್ ಕೇಳಿದರೆ ಗಾಬರಿ ಬೇಡ, ಕೊಟ್ಟುಬಿಡಿ.