ಅಗಲಿಕೆಯ ದುಃಖ ವರ್ಷವಾದರೂ ಆರದಿದ್ದರೆ ಅದು ಕಾಯಿಲೆಯೇ?

ಪ್ರಶ್ನೆ: ತಾಯಿ ತೀರಿಕೊಂಡು ವರ್ಷ ದಾಟಿತು. ಕೆಲಸಕ್ಕೆ ಹೋಗುತ್ತೇನೆ, ಎಲ್ಲರೊಂದಿಗೆ ನಗುತ್ತೇನೆ. ಆದರೂ ಇದ್ದಕ್ಕಿದ್ದಂತೆ ಅಳು ಉಕ್ಕಿ ಬರುತ್ತದೆ. ಇದು ಖಿನ್ನತೆಯೇ? ಚಿಕಿತ್ಸೆ ಬೇಕೇ?

ಉತ್ತರ: ನೀವು ಹೇಳಿರುವಷ್ಟನ್ನು ನೋಡಿದರೆ ಇದನ್ನು ಕಾಯಿಲೆ ಎನ್ನಲು ಕಾರಣ ಕಾಣುವುದಿಲ್ಲ. ದುಃಖಕ್ಕೆ ಗಡುವು ಹಾಕಲು ವೈದ್ಯಶಾಸ್ತ್ರವೇ ತಡಕಾಡಿದೆ. ಆಪ್ತರು ತೀರಿಕೊಂಡ ಮೊದಲ ಎರಡು ತಿಂಗಳ ಸಂಕಟವನ್ನು ಸಾಮಾನ್ಯವಾಗಿ ಖಿನ್ನತೆಯೆಂದು ಎಣಿಸಬಾರದು ಎನ್ನುತ್ತಿದ್ದ ಅಮೆರಿಕದ ಮನೋವೈದ್ಯರ ಕೈಪಿಡಿಯು 2013ರಲ್ಲಿ ಆ ವಿನಾಯಿತಿಯನ್ನು ಕೈಬಿಟ್ಟಿತು. 2022ರಲ್ಲಿ ದೀರ್ಘಕಾಲದ ಶೋಕವನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿ, ವಯಸ್ಕರಲ್ಲಿ ಅದನ್ನು ಗುರುತಿಸಲು ಸಾವಿನ ನಂತರ ಕನಿಷ್ಠ 12 ತಿಂಗಳು ಕಳೆದಿರಬೇಕೆಂದಿತು. ಅದೇ ವರ್ಷ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಈ ಅವಧಿ 6 ತಿಂಗಳು. ಈ ಎರಡೇ ಪರಸ್ಪರ ಒಪ್ಪದಿರುವಾಗ ಕ್ಯಾಲೆಂಡರ್ ನೋಡಿ ಗಾಬರಿಯಾಗಬೇಕಿಲ್ಲ.

ದುಃಖ ಬರುವ ಬಗೆಯನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಶೋಕವು ಸಾಮಾನ್ಯವಾಗಿ ಅಲೆಅಲೆಯಾಗಿ ಬರುತ್ತದೆ. ಹಳೆಯ ಫೋಟೊ, ಹುಟ್ಟಿದ ದಿನ, ಪರಿಚಿತ ದನಿಯಂಥ ಯಾವುದೋ ನೆಪದಿಂದ ಮೇಲೆದ್ದು, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ನಡುವೆ ಸಂತೋಷಕ್ಕೂ ಜಾಗ ಬಿಡುತ್ತದೆ. ಖಿನ್ನತೆಯಾದರೋ ನೆಪವಿಲ್ಲದೆಯೂ ದಿನಗಟ್ಟಲೆ ಕವಿದಿದ್ದು, ಹಿಂದೆ ಹಿತವಾಗಿದ್ದುದನ್ನೆಲ್ಲ ಸಪ್ಪೆಯಾಗಿಸಿ, 'ನಾನು ಯಾತಕ್ಕೂ ಬಾರದವನು' ಎಂಬ ಭಾವವನ್ನು ಬೇರೂರಿಸುತ್ತದೆ. ಶೋಕದಲ್ಲಿ ಬರಿದಾಗುವುದು ಜಗತ್ತು, ಖಿನ್ನತೆಯಲ್ಲಿ ಬರಿದಾಗುವುದು ತಾನೇ ಎಂಬ ಈ ವ್ಯತ್ಯಾಸವನ್ನು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1917ರಷ್ಟು ಹಿಂದೆಯೇ ಗುರುತಿಸಿದ್ದರು. ಆದರೆ ಒಬ್ಬರಲ್ಲೇ ಎರಡೂ ಒಟ್ಟಿಗಿರುವುದುಂಟು; ಆಗ ದುಃಖ ಸಹಜವೆಂಬ ನೆಪದಲ್ಲಿ ಖಿನ್ನತೆಯನ್ನು ಕಡೆಗಣಿಸಬಾರದು.

ನಿರಾಕರಣೆಯಿಂದ ಆರಂಭಿಸಿ ಒಪ್ಪಿಗೆಯವರೆಗೆ ಐದು ಹಂತಗಳನ್ನು ದಾಟಲೇಬೇಕೆಂಬ ಮಾತು ಬಹಳ ಜನಪ್ರಿಯ. ಆದರೆ 1969ರಲ್ಲಿ ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ ಆ ಹಂತಗಳನ್ನು ವಿವರಿಸಿದ್ದು ಸಾವಿಗೆ ಹತ್ತಿರವಾಗಿದ್ದ ರೋಗಿಗಳ ಬಗ್ಗೆ, ಅವರನ್ನು ಕಳೆದುಕೊಂಡವರ ಬಗ್ಗೆಯಲ್ಲ. ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ವಾಸ್ತವಕ್ಕೆ ಹೆಚ್ಚು ಹತ್ತಿರವೆಂದು ನನ್ನ ಅಭಿಪ್ರಾಯ: ಮನಸ್ಸು ಒಮ್ಮೆ ನಷ್ಟದ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ ಹೊಯ್ದಾಡುತ್ತಿರುತ್ತದೆ, ಆ ಹೊಯ್ದಾಟದಲ್ಲೇ ಹೊಂದಿಕೊಳ್ಳುತ್ತದೆ. ನಿಮ್ಮ ನಗುವೂ ಅಳುವೂ ಅದರ ಭಾಗವೇ.

ಈ ಹೊಯ್ದಾಟ ನಿಂತುಹೋದಾಗ ನೆರವು ಬೇಕಾಗುತ್ತದೆ. ಅಂದರೆ, ತೀವ್ರ ಹಂಬಲ ಹೆಚ್ಚುಕಡಿಮೆ ಪ್ರತಿದಿನವೂ ಆವರಿಸಿ, ಸಾವನ್ನು ನಂಬಲೇ ಆಗದೆ, ಕೆಲಸ ಮತ್ತು ಸಂಬಂಧಗಳು ತಿಂಗಳುಗಟ್ಟಲೆ ಕುಸಿದಿದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣುವುದು ಸೂಕ್ತ. ಬದುಕುವುದೇ ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. ಖಿನ್ನತೆಯೂ ಜೊತೆಗಿದ್ದರೆ ಔಷಧಿಯಿಂದ ಅದು ತಗ್ಗಬಹುದು. ಅಗಲಿದವರ ಹಂಬಲಕ್ಕೆ ಮಾತ್ರ, ಶೋಕಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಯೇ ಹೆಚ್ಚು ಫಲ ನೀಡಿದೆ.