ಸಣ್ಣ ಅಲೆಗೆ ಮೋಟಾರ್ ಫಾಯಿಲ್: ಕೊಳ್ಳುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ಮೊಣಕಾಲೆತ್ತರದ ಅಲೆಯಲ್ಲೂ ಸರ್ಫ್ ಮಾಡಬಹುದು ಅಂತ ಮೋಟಾರ್ ಜೋಡಿಸಿದ ಫಾಯಿಲ್ ಬೋರ್ಡ್ (ಹಲಗೆಯ ಕೆಳಗೊಂದು ಕಂಬ, ಅದರ ತುದಿಗೆ ನೀರೊಳಗೆ ಸಾಗುತ್ತ ಹಲಗೆಯನ್ನು ಮೇಲೆತ್ತುವ ರೆಕ್ಕೆ) ಕೊಳ್ಳುವ ಆಸೆ. ಒಂದು ಗಂಟೆ ಓಡಿಸಿ ನೋಡಲು ಸಿಕ್ಕರೆ ಏನನ್ನು ಗಮನಿಸಲಿ?

ಮೋಟಾರ್ ನಿಂತ ಮೇಲೆ ಏನಾಗುತ್ತದೆ ಅನ್ನುವುದನ್ನು. ಗುಂಡಿ ಒತ್ತಿದಾಗ ಬೋರ್ಡ್ ನೀರು ಬಿಟ್ಟು ಮೇಲೇಳುತ್ತದಲ್ಲ, ಆ ಖುಷಿಯಲ್ಲಿ ಎಲ್ಲ ಸಾಮಾನೂ ಚೆನ್ನಾಗಿಯೇ ಕಾಣುತ್ತದೆ. ರೆಕ್ಕೆಯ ಕೊರತೆಯನ್ನೆಲ್ಲ ಮೋಟಾರ್ ಮುಚ್ಚಿಬಿಡುತ್ತದೆ.

ಸಣ್ಣ ಅಲೆಯ ತೊಂದರೆ ಎತ್ತರದ್ದಲ್ಲ, ವೇಗದ್ದು. ದಡದ ಹತ್ತಿರ ಅಲೆಯ ವೇಗವನ್ನು ನೀರಿನ ಆಳ ನಿರ್ಧರಿಸುತ್ತದೆ: ಒಂದು ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 11 ಕಿ.ಮೀ., ಎರಡು ಮೀಟರ್ ಆಳದಲ್ಲಿ ಸುಮಾರು 16. ಈಗ ರೆಕ್ಕೆಯ ಕಡೆ ನೋಡಿ. ಸವಾರನೂ ಸಾಮಾನೂ ಸೇರಿ 95 ಕಿಲೋ, ಮುಂದಿನ ರೆಕ್ಕೆ 1,200 ಚದರ ಸೆಂ.ಮೀ. ಇದ್ದರೆ, ಅಂದಾಜು ಲೆಕ್ಕದಲ್ಲಿ ಗಂಟೆಗೆ 15-16 ಕಿ.ಮೀ. ಬೇಕು ಮೇಲೇಳಲು. 1,800ರ ರೆಕ್ಕೆಗೆ 13 ಸಾಕು. ಅಂದರೆ ದಡದಲ್ಲಿ ಒಡೆಯುವ ಪುಟ್ಟ ಅಲೆಗೆ ನಿಮ್ಮನ್ನು ಎತ್ತುವಷ್ಟು ವೇಗವೇ ಇಲ್ಲ. ಆಚೆ, ಇನ್ನೂ ಒಡೆಯದ ಉಬ್ಬಿಗೆ ಇದೆ. ಆದರೆ ಅದು ಕೈಯಲ್ಲಿ ಹುಟ್ಟು ಹಾಕಿದರೆ ಸಿಕ್ಕುವುದಿಲ್ಲ. ಮೋಟಾರಿನ ಕೆಲಸ ಇಷ್ಟೇ: ಆ ಉಬ್ಬಿನ ಜೊತೆ ನಿಮ್ಮನ್ನು ಸೇರಿಸಿ ಸುಮ್ಮನಾಗುವುದು. ಮುಂದಿನದು ರೆಕ್ಕೆಯ ಪಾಲು.

ಹಾಗಾಗಿ ಮೊದಲು ಅಲೆಗೇ ಹೋಗಬೇಡಿ. ಮೂಲ್ಕಿ ಕಡೆಯವರಾದರೆ ಶಾಂಭವಿ ನದಿಯ ನಿಂತ ನೀರೇ ಒಳ್ಳೆಯ ಪ್ರಯೋಗಶಾಲೆ. ಭರತ-ಇಳಿತದ ಸೆಳೆತ ಕಡಿಮೆಯಿರುವ ಹೊತ್ತು ನೋಡಿ, ಜಿಪಿಎಸ್ ವಾಚ್ ಕಟ್ಟಿಕೊಂಡು ಇಳಿಯಿರಿ. ಬೋರ್ಡ್ ಎಷ್ಟು ವೇಗದಲ್ಲಿ ಎದ್ದಿತು, ಬರೆದುಕೊಳ್ಳಿ. ಹಲಗೆ ನೀರು ಬಿಟ್ಟು ಮೇಲೆದ್ದು ಸ್ಥಿರವಾಗಿ ಸಾಗುವಾಗ ಗುಂಡಿ ಬಿಡಿ. ಹಲಗೆ ನೀರಿಗೆ ತಾಗುವವರೆಗೆ ಎಷ್ಟು ದೂರ ಜಾರಿತು ಅಳೆಯಿರಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಕನಿಷ್ಠ ಮೂರು ಜೋಡಿ. ಒಂದೇ ದಿಕ್ಕಿನಲ್ಲಿ ಅಳೆದರೆ ಗಾಳಿಯ ಉಪಕಾರವನ್ನು ರೆಕ್ಕೆಯ ಲೆಕ್ಕಕ್ಕೆ ಬರೆದುಕೊಂಡಂತೆ.

ಆಮೇಲೆ ಒಂದನ್ನು ಮಾತ್ರ ಬದಲಿಸಿ: ಕಂಬದ ಮೇಲೆ ಮೋಟಾರ್ ಕೂತಿರುವ ಎತ್ತರ. ಕೆಳಗಿದ್ದರೆ ಪ್ರೊಪೆಲ್ಲರ್ ನೀರನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಜಾರುವಾಗಲೂ ನೀರಲ್ಲೇ ಉಳಿದು ಎಳೆಯುತ್ತದೆ. ಮೇಲಿದ್ದರೆ ಬೋರ್ಡ್ ಎದ್ದಾಗ ಅದೂ ನೀರಿಂದ ಹೊರಬರುತ್ತದೆ. ತೀರಾ ಮೇಲಾದರೆ ಗಾಳಿ ಕುಡಿದು ಬರೀ ಸದ್ದು. ಕಲಿಯುವವರಿಗೆ ಕೆಳಗೆ, ಕೈ ಪಳಗಿದವರಿಗೆ ಮೇಲೆ ಅನ್ನುವುದು ನನ್ನ ಮತ. ರೆಕ್ಕೆ ಬದಲಿಸುವುದು, ಹಲಗೆ ಬದಲಿಸುವುದು ಬೇರೆ ದಿನಕ್ಕಿರಲಿ.

ಬ್ಯಾಟರಿಯನ್ನು ನಿಮಿಷದಲ್ಲಿ ಅಳೆಯಬೇಡಿ, ಎಷ್ಟು ಸಲ ಎತ್ತಿತು ಅನ್ನುವುದರಲ್ಲಿ ಅಳೆಯಿರಿ. 1,500 ವಾಟ್ ಎಂಟು ಸೆಕೆಂಡ್ ಎಳೆದರೆ ಖರ್ಚು ಸುಮಾರು 3.3 ವಾಟ್-ಅವರ್. 150 ವಾಟ್-ಅವರ್ ಬ್ಯಾಟರಿ ಕಾಗದದ ಮೇಲೆ 45 ಸಲ ಎತ್ತಬೇಕು. ಪ್ರತಿ ಅಲೆಯ ನಂತರ ಮೋಟಾರಿನಲ್ಲೇ ವಾಪಸ್ ಆಚೆ ಹೋಗುವ ಸೋಮಾರಿತನ ನಮ್ಮೆಲ್ಲರಿಗೂ ಇದೆಯಲ್ಲ, ಆ ಲೆಕ್ಕ ಅಲ್ಲೇ ಕರಗುತ್ತದೆ.

ಇಷ್ಟಾದ ಮೇಲೆ ಮೂಲ್ಕಿ ಹತ್ತಿರದ ಸಸಿಹಿತ್ಲು ಕಡಲತೀರದ ಅಲೆ. ಅಲ್ಲಿ ಒಂದೇ ಪ್ರಶ್ನೆ: ಗುಂಡಿ ಬಿಟ್ಟ ಮೇಲೆ ಉಬ್ಬು ನಿಮ್ಮನ್ನು ಹೊತ್ತುಕೊಂಡು ಹೋಯಿತೇ, ಇಲ್ಲ ಹಿಂದೆ ಬಿಟ್ಟು ಹೋಯಿತೇ? ಪದೇ ಪದೇ ಹಿಂದೆ ಬೀಳುತ್ತಿದ್ದರೆ ಬೇಕಾದದ್ದು ದೊಡ್ಡ ರೆಕ್ಕೆ, ದೊಡ್ಡ ಮೋಟಾರಲ್ಲ. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಕಡಿಮೆ.

ಕಂಬವೇ ಮುಕ್ಕಾಲು ಮೀಟರಿನ ಆಸುಪಾಸು ಇರುವುದರಿಂದ ಎದೆಮಟ್ಟಕ್ಕಿಂತ ಕಡಿಮೆ ನೀರಿಗೆ ಬರಬೇಡಿ. ಹೆಲ್ಮೆಟ್ ಇರಲಿ, ಕಾಲಿನ ಲೀಶ್ (ಬೋರ್ಡಿಗೆ ಕಟ್ಟಿಕೊಳ್ಳುವ ಹಗ್ಗ) ಪ್ರೊಪೆಲ್ಲರಿಗೆ ಸಿಗದಷ್ಟು ಗಿಡ್ಡವಿರಲಿ. ಮೀನುಗಾರರು ದಡದಿಂದ ಎಳೆಯುವ ಕೈರಂಪಣಿ ಬಲೆ ಬಿಟ್ಟಿರುವ ಕಡೆ ಹೋಗಲೇಬೇಡಿ. ಮಳೆಗಾಲದಲ್ಲಿ ಈ ಪ್ರಯೋಗದ ಮಾತೇ ಬೇಡ.

ವಿದೇಶದಿಂದ ತರಿಸುವ ಯೋಚನೆಯಿದ್ದರೆ ಬ್ಯಾಟರಿಯ ಚೀಟಿಯನ್ನು ಮೊದಲು ಓದಿ. ಪ್ರಯಾಣಿಕರು ತಮ್ಮ ಜೊತೆ ವಿಮಾನದಲ್ಲಿ 160 ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿ ಒಯ್ಯುವಂತಿಲ್ಲ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ದುಬೈನಿಂದ ಬರುವ ಭಾವನ ಹತ್ತಿರ ತರಲು ಹೇಳುವ ಮುಂಚೆ ಇದನ್ನು ನೋಡಿಕೊಳ್ಳಿ.